ಬಯೋಡೀಸೆಲ್ ತೊಳೆಯಲು ನೀರು ಬೇಡ, ಕೋಳಿ ಆಹಾರದ ಉಪ್ಪು ಸಾಕು ಅಂತಾರೆ, ನಿಜವಾ?

ಎಣ್ಣೆಗಾಣ_ತುಮಕೂರು

ಎಲ್ಲರಿಗೂ ನಮಸ್ಕಾರ. ಹೋಟೆಲ್, ಚಿಪ್ಸ್ ಅಂಗಡಿಗಳಿಂದ ಕರಿದ ಎಣ್ಣೆ ತಂದು ಬಯೋಡೀಸೆಲ್ ಮಾಡುತ್ತೇನೆ. ಸಣ್ಣ ಘಟಕ, ಒಂದು ಬ್ಯಾಚ್‌ಗೆ 200 ಲೀಟರ್. ಸಿಕ್ಕಾಗ ಹೊಂಗೆ ಎಣ್ಣೆಯೂ ಸೇರುತ್ತದೆ. ಮಾಡಿದ್ದೆಲ್ಲ ನಮ್ಮ ಜನರೇಟರ್‌ಗೇ ಹೋಗುತ್ತದೆ.

ನನ್ನ ತಲೆನೋವು ತೊಳೆಯುವುದು. ಮೆಥನಾಲ್, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ) ಹಾಕಿ ರಿಯಾಕ್ಷನ್ ಮುಗಿಸಿ, ಗ್ಲಿಸರಿನ್ ಕೆಳಗೆ ಇಳಿಸಿ ತೆಗೆದ ಮೇಲೂ ಎಣ್ಣೆಯೊಳಗೆ ಚೂರು ಗ್ಲಿಸರಿನ್, ಸೋಪು, ಕೆಒಎಚ್, ಮೆಥನಾಲ್ ಉಳಿದಿರುತ್ತದೆ. ಅದಕ್ಕೆ ಮೂರು ಸಲ ನೀರು ಹಾಕಿ ತೊಳೆಯುತ್ತೇನೆ. ಸಲಕ್ಕೆ 60-70 ಲೀಟರ್. ಅಂದರೆ ಬಯೋಡೀಸೆಲ್ ಎಷ್ಟೋ ಕೊಳೆ ನೀರೂ ಅಷ್ಟೇ. ಅದನ್ನು ಚರಂಡಿಗೆ ಬಿಡುವಂತಿಲ್ಲ, ಗಿಡಕ್ಕೆ ಹಾಕಿದರೆ ಗಿಡ ಸುಡುತ್ತದೆ.

ಹೋದ ತಿಂಗಳು ಇನ್ನೊಂದು ಎಡವಟ್ಟಾಯಿತು. ನಾನು ಊರಿಗೆ ಹೋಗಿದ್ದೆ. ಸಹಾಯಕ್ಕಿದ್ದ ಹುಡುಗ ಬೇಗ ಮುಗಿಸೋಣ ಅಂತ ಮೊದಲನೇ ನೀರಿಗೇ ಪಂಪ್ ಆನ್ ಮಾಡಿ ಜೋರಾಗಿ ಕಲಕಿದ್ದಾನೆ. ಬಂದು ನೋಡಿದರೆ ಟ್ಯಾಂಕ್ ತುಂಬ ಹಳದಿ ಮಜ್ಜಿಗೆ. ಎರಡು ದಿನ ಕಾದೆ, ಒಡೆಯಲಿಲ್ಲ. ಉಪ್ಪು ಹಾಕಿದೆ, ಬಿಸಿ ಮಾಡಿದೆ. ಕೊನೆಗೆ ಒಡೆಯಿತು, ಆದರೆ 30 ಲೀಟರ್ ನೊರೆಯಲ್ಲೇ ಹೋಯಿತು.

ಈಗ ಯಾರೋ ಹೇಳಿದರು, ಕೋಲೀನ್ ಕ್ಲೋರೈಡ್ ಅನ್ನೋ ಉಪ್ಪನ್ನು ಗ್ಲಿಸರಿನ್ ಜೊತೆ ಕಲಸಿದರೆ ಒಂದು ಪಾಕ ಆಗುತ್ತೆ, ಅದರಲ್ಲಿ ತೊಳೆದರೆ ನೀರೇ ಬೇಡ, ಅದು ‘ಹಸಿರು ದ್ರಾವಕ’ ಅಂತ. ಗ್ಲಿಸರಿನ್ ತೆಗೆಯೋಕೆ ಗ್ಲಿಸರಿನ್ನೇ ಹಾಕೋದು ಅಂದರೆ ನನಗೆ ತಲೆಗೆ ಹೋಗಲಿಲ್ಲ. ತಿಳಿದವರು ಹೇಳಿ.

ಬೀಕರ್‌ಪುಟ್ಟಿ

ನಾನು ಪಿಎಚ್‌ಡಿಗೆ ಇದೇ ಜಾತಿಯ ದ್ರಾವಕಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ ಅಷ್ಟೇ.

ಇವಕ್ಕೆ ಡೀಪ್ ಯುಟೆಕ್ಟಿಕ್ ಸಾಲ್ವೆಂಟ್ ಅನ್ನುತ್ತಾರೆ. ಹಳೇ ಕಾಲದ ಕೈಯಲ್ಲಿ ತಿರುಗಿಸುವ ಐಸ್‌ಕ್ರೀಂ ಡಬ್ಬ ನೋಡಿದ್ದೀರಲ್ವಾ? ಐಸಿಗೆ ಕಲ್ಲುಪ್ಪು ಹಾಕಿದರೆ ಸೊನ್ನೆ ಡಿಗ್ರಿಗಿಂತ ಕೆಳಗೂ ಅದು ಕರಗಿಯೇ ಇರುತ್ತದೆ. ಇಲ್ಲೂ ಹಾಗೇ, ಆದರೆ ಇಳಿತ ಬಹಳ ದೊಡ್ಡದು. ಕೋಲೀನ್ ಕ್ಲೋರೈಡ್ ಕರಗಬೇಕಾದರೆ 302 ಡಿಗ್ರಿ ಬೇಕು. ಯೂರಿಯಾಕ್ಕೆ 133. ಒಂದು ಪಾಲು ಕೋಲೀನ್ ಕ್ಲೋರೈಡ್‌ಗೆ ಎರಡು ಪಾಲು ಯೂರಿಯಾ ಸೇರಿಸಿದರೆ (ತೂಕದ ಪಾಲಲ್ಲ, ಮೋಲ್ ಲೆಕ್ಕ, ಅಂದರೆ ಕಣಗಳ ಎಣಿಕೆ) 12 ಡಿಗ್ರಿಯಲ್ಲೇ ಅದು ದ್ರವ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೂ ಆಬಟ್ ತಂಡ 2003ರಲ್ಲಿ ಇದನ್ನು ಪ್ರಕಟಿಸಿತು. ನಾನು ಮೊದಲ ಸಲ ಕುಟ್ಟಾಣಿಯಲ್ಲಿ ಎರಡೂ ಪುಡಿ ಹಾಕಿ ಅರೆದಾಗ ಐದು ನಿಮಿಷಕ್ಕೆ ಪುಡಿ ಒದ್ದೆಯಾಯಿತು. ಆಮೇಲೆ ಅಂಟಾಯಿತು. ಬೆಚ್ಚಗೆ ಇಟ್ಟರೆ ತಿಳಿ ಪಾಕ. ಒಂದು ತೊಟ್ಟು ನೀರು ಹಾಕಿರಲಿಲ್ಲ. ಅಮ್ಮನಿಗೆ ವಿಡಿಯೋ ಕಳಿಸಿದೆ, ‘ಸಕ್ಕರೆ ಪಾಕಕ್ಕೆ ಇಷ್ಟು ವರ್ಷ ಓದಬೇಕಿತ್ತಾ’ ಅಂದರು.

ಈಗ ನಿಮ್ಮ ಪ್ರಶ್ನೆ. ಯೂರಿಯಾ ಬದಲು ಗ್ಲಿಸರಿನ್ ಹಾಕಿದರೂ ಪಾಕ ಆಗುತ್ತದೆ. ಕೋಲೀನ್ ಕ್ಲೋರೈಡ್‌ಗೆ ಗ್ಲಿಸರಿನ್ ಜೊತೆ 1:2ರಲ್ಲಿ ಇರುವುದೇ ಇಷ್ಟ. ನೀವು ಬೇಕಂತಲೇ 1:1ರಲ್ಲಿ ಮಾಡಿದರೆ ಅದು ಅರೆಹೊಟ್ಟೆಯಲ್ಲಿ ಇರುತ್ತದೆ. ಅದನ್ನು ಬಯೋಡೀಸೆಲ್ ಜೊತೆ ಕಲಕಿದರೆ ಅಲ್ಲಿರುವ ಗ್ಲಿಸರಿನ್ ಎಳೆದುಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬಯೋಡೀಸೆಲ್ ಜಿಡ್ಡು, ಪಾಕ ಉಪ್ಪು. ಒಂದಕ್ಕೊಂದು ಬೆರೆಯುವುದಿಲ್ಲ. ಪಾಕ ಭಾರ, ತಳಕ್ಕೆ ಇಳಿಯುತ್ತದೆ. ಮುಳ್ಳಿನಿಂದ ಮುಳ್ಳು ತೆಗೆದ ಹಾಗೆ. 2007ರಲ್ಲಿ ಆಬಟ್ ತಂಡವೇ ಇದನ್ನು ಮಾಡಿ ತೋರಿಸಿತು. ಆಮೇಲೆ ಮಲೇಷಿಯಾದಲ್ಲಿ ತಾಳೆ ಎಣ್ಣೆ ಬಯೋಡೀಸೆಲ್ ಮೇಲೆ ಬಹಳ ಕೆಲಸ ಆಯಿತು. ಗ್ಲಿಸರಿನ್ ಅಷ್ಟೇ ಅಲ್ಲ, ಉಳಿದ ಕೆಒಎಚ್ ಕೂಡ ಪಾಕಕ್ಕೆ ಬರುತ್ತದೆ ಅಂತ ಅಲ್ಲಿಯವರು ತೋರಿಸಿದರು.

ಕೋಳಿಫಾರಂ_ಹರಿಹರ

ಏನ್ರೀ ಇದು, ಕೋಲೀನ್ ಕ್ಲೋರೈಡ್ ನಮ್ಮ ಗೋಡೌನಿನಲ್ಲಿ ಚೀಲಗಟ್ಟಲೆ ಬಿದ್ದಿದೆ! ಫೀಡ್ ಟನ್ನಿಗೆ ಅರ್ಧದಿಂದ ಒಂದು ಕೆಜಿ ಹಾಕುತ್ತೇವೆ. ಕಮ್ಮಿಯಾದರೆ ಕೋಳಿ ಲಿವರ್‌ಗೆ ಕೊಬ್ಬು ಕಟ್ಟುತ್ತದೆ, ಮರಿಗಳ ಕಾಲು ಸೊಟ್ಟಗಾಗುತ್ತದೆ.

ಆದರೆ ಅಣ್ಣ, ಒಂದು ಮಾತು. ಅಂಗಡಿಯಲ್ಲಿ ಸಿಗುವ ಚೀಲ ಶೇ 60ರದ್ದು. ಮಿಕ್ಕಿದ್ದು ಮೆಕ್ಕೆಜೋಳದ ದಿಂಡಿನ ಪುಡಿ. ಅದನ್ನು ತಂದು ಗ್ಲಿಸರಿನ್‌ಗೆ ಹಾಕಿದರೆ ನಿಮಗೆ ಪಾಕ ಬರಲ್ಲ, ಉಪ್ಪಿಟ್ಟು ಬರುತ್ತದೆ. ಇನ್ನೊಂದು, ಇದು ಗಾಳಿಯಲ್ಲಿರುವ ನೀರು ಕುಡಿಯುವುದರಲ್ಲಿ ಎತ್ತಿದ ಕೈ. ಮಳೆಗಾಲದಲ್ಲಿ ಚೀಲದ ಬಾಯಿ ಬಿಚ್ಚಿಟ್ಟರೆ ಸಂಜೆಗೆ ಹಳೇ ಬೆಲ್ಲದ ಹಾಗೆ ಅಂಟು. ವಿಟಮಿನ್ ಪ್ರೀಮಿಕ್ಸ್ ಜೊತೆ ಒಟ್ಟಿಗೆ ಇಡುವ ಹಾಗೂ ಇಲ್ಲ, ವಿಟಮಿನ್ನನ್ನು ಹಾಳು ಮಾಡುತ್ತದೆ. ಬಹಳ ಕಿರಿಕ್ ಪುಡಿ.

ಸಂಶಯಪ್ಪ

ಎಲ್ಲ ಚೆನ್ನಾಗಿದೆ ಸ್ವಾಮಿ. ಆದರೆ ‘ಹಸಿರು’ ಅಂತ ಹೆಸರಿಟ್ಟವರು ಯಾರು? ಈ ಕೋಲೀನ್ ಕ್ಲೋರೈಡ್ ಮರದಲ್ಲಿ ಬಿಡುತ್ತಾ? ಟ್ರೈಮಿಥೈಲ್ ಅಮೀನ್, ಎಥಿಲೀನ್ ಆಕ್ಸೈಡ್, ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ ಫ್ಯಾಕ್ಟರಿಯಲ್ಲಿ ಮಾಡುವುದು. ಎಥಿಲೀನ್ ಬರುವುದು ಪೆಟ್ರೋಲಿಯಂನಿಂದ. ಪೆಟ್ರೋಲಿಯಂ ಬಿಡಬೇಕು ಅಂತ ಬಯೋಡೀಸೆಲ್ ಮಾಡಿ, ಅದನ್ನು ತೊಳೆಯೋಕೆ ಮತ್ತೆ ಪೆಟ್ರೋಲಿಯಂ ಬಾಗಿಲಿಗೆ ಹೋಗೋದಾ? ನೀರಿಗಿಂತ ಹಸಿರು ದ್ರಾವಕ ಯಾವುದಿದೆ ಹೇಳಿ.

ಬೀಕರ್‌ಪುಟ್ಟಿ

ಸರಿಯಾದ ಪ್ರಶ್ನೆ. ನಮ್ಮ ಕ್ಷೇತ್ರದಲ್ಲಿ ಹಸಿರು ಬಣ್ಣ ಸ್ವಲ್ಪ ಧಾರಾಳವಾಗಿಯೇ ಬಳಿಯುತ್ತಾರೆ. ಯಾವುದೋ ಎರಡು ಪುಡಿ ಸೇರಿ ಪಾಕ ಆದರೆ ಸಾಕು, ಹಸಿರು ಅಂತ ತಲೆಬರಹ. ಎಥಿಲೀನ್ ಗ್ಲೈಕಾಲ್ ಹಾಕಿದ ಪಾಕವೂ ಈ ಪಟ್ಟಿಯಲ್ಲಿದೆ, ಕುಡಿದರೆ ಕಿಡ್ನಿ ಹೋಗುತ್ತದೆ. ಇದಕ್ಕೂ ಮೊದಲು ಬಂದ ಅಯಾನಿಕ್ ಲಿಕ್ವಿಡ್‌ಗಳನ್ನೂ (ದ್ರವವಾಗಿಯೇ ಇರುವ ಉಪ್ಪುಗಳು) ಹಸಿರು ಅಂತಲೇ ಕರೆದರು. ಆವಿಯಾಗಲ್ಲ, ಬೆಂಕಿ ಸುಲಭಕ್ಕೆ ಹಿಡಿಯಲ್ಲ, ಸರಿ. ಆದರೆ ಅವುಗಳಲ್ಲಿ ಹೆಸರುವಾಸಿಯಾದ ಹೆಕ್ಸಾಫ್ಲೋರೋಫಾಸ್ಫೇಟ್ ಜಾತಿಯವು ನೀರು ತಗುಲಿ ಬಿಸಿಯಾದರೆ ಹೈಡ್ರೋಫ್ಲೋರಿಕ್ ಆಸಿಡ್ ಬಿಡುತ್ತವೆ. ಗಾಜನ್ನೇ ತಿನ್ನುವ ಆಸಿಡ್ ಅದು.

ಆದರೆ ನೀರು ಹಸಿರು ಅನ್ನುವುದು ಟ್ಯಾಂಕಿಗೆ ಹಾಕುವವರೆಗೆ ಮಾತ್ರ. ಹೊರಗೆ ಬಂದಾಗ ಅದು ಸೋಪು, ಮೆಥನಾಲ್, ಕ್ಷಾರ ಇರುವ ಕೊಳೆ ನೀರು. ಮೇಲಿನವರು 200 ಲೀಟರ್‌ಗೆ 200 ಲೀಟರ್ ಅಂದರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಮಟ್ಟಿಗೆ ದ್ರಾವಕದ ಬಣ್ಣ ಗೊತ್ತಾಗುವುದು ಅದನ್ನು ಎಷ್ಟು ಸಲ ವಾಪಸ್ ಬಳಸಬಹುದು ಅನ್ನುವುದರಲ್ಲಿ. ಒಂದೇ ಸಲ ಬಳಸಿ ಬಿಸಾಡಿದರೆ ಯಾವುದೂ ಹಸಿರಲ್ಲ.

ಸುರತ್ಕಲ್_ನಿವೃತ್ತ

ನಾನು ರಿಫೈನರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ದ್ರಾವಕಗಳ ದೊಡ್ಡ ಸುದ್ದಿ ಇರುವುದು ಗಂಧಕದ ವಿಷಯದಲ್ಲಿ. ಅದನ್ನೂ ಹೇಳಿಬಿಡುತ್ತೇನೆ.

ಡೀಸೆಲ್‌ನಲ್ಲಿ ಗಂಧಕ 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-4ರ ಪ್ರಕಾರ 50 ಪಿಪಿಎಂ ಮೀರಬಾರದಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು 10 ಪಿಪಿಎಂಗೆ ಇಳಿಯಿತು. ಹತ್ತು ಲಕ್ಷ ಪಾಲಿಗೆ ಹತ್ತು ಪಾಲು. ಇದನ್ನು ಸಾಧಿಸುವುದು ಹೈಡ್ರೋಜನ್‌ನಿಂದ. ಕೋಬಾಲ್ಟ್-ಮಾಲಿಬ್ಡಿನಮ್ ಅಥವಾ ನಿಕ್ಕಲ್-ಮಾಲಿಬ್ಡಿನಮ್ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಿಯಾಕ್ಷನ್ ಚುರುಕು ಮಾಡುವ ವಸ್ತು) ಮೇಲೆ 300ರಿಂದ 400 ಡಿಗ್ರಿ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿದರೆ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಗೆ ಬರುತ್ತದೆ. ಅದರಿಂದ ಹಳದಿ ಗಂಧಕ ಮಾಡಿ ಮಾರುತ್ತಾರೆ.

ಸುಲಭದ ಗಂಧಕ ಬೇಗ ಹೋಗುತ್ತದೆ. ಕೊನೆಯಲ್ಲಿ ಉಳಿಯುವುದು ಡೈಬೆಂಜೋಥಯೋಫೀನ್ ಅನ್ನೋ ಗಂಧಕದ ಸಂಯುಕ್ತ ಮತ್ತು ಅದರ ಅಣ್ಣತಮ್ಮಂದಿರು. ಅದರಲ್ಲೂ 4,6-ಡೈಮಿಥೈಲ್ ಅನ್ನುವುದು ಮಹಾ ಮೊಂಡ. ಗಂಧಕದ ಎಡಕ್ಕೊಂದು ಬಲಕ್ಕೊಂದು ಮಿಥೈಲ್ ಗುಂಪು ಕಾವಲು ಕೂತಿರುತ್ತದೆ, ಕ್ಯಾಟಲಿಸ್ಟ್ ಗಂಧಕವನ್ನು ಮುಟ್ಟಲು ಬಿಡಲ್ಲ. ಆ ಒಂದು ಮೊಂಡನಿಗಾಗಿ ಒತ್ತಡ ಏರಿಸಬೇಕು, ಹೈಡ್ರೋಜನ್ ಜಾಸ್ತಿ ಸುರಿಯಬೇಕು. ಖರ್ಚೆಲ್ಲ ಆ ಕೊನೆಯ ಐವತ್ತು ಪಿಪಿಎಂನಲ್ಲೇ. ಅದಕ್ಕೇ ಜನ ದ್ರಾವಕದ ಕಡೆ ನೋಡಿದ್ದು.

ಬೀಕರ್‌ಪುಟ್ಟಿ

ಸರ್ ಹೇಳಿದ ಜಾಗದಿಂದಲೇ ನಮ್ಮ ಕಥೆ ಶುರು. 2001ರಲ್ಲಿ ಜರ್ಮನಿಯ ವಾಸೆರ್‌ಶೈಡ್ ಮತ್ತು ಜೊತೆಗಾರರು ಅಯಾನಿಕ್ ಲಿಕ್ವಿಡ್‌ನಿಂದ ಡೀಸೆಲ್ ಗಂಧಕ ತೆಗೆಯಬಹುದು ಅಂತ ತೋರಿಸಿದರು. 2013ರಲ್ಲಿ ಚೀನಾದ ತಂಡವೊಂದು ಅಮೋನಿಯಂ ಜಾತಿಯ ಪಾಕದಲ್ಲಿ ಒಂದೇ ಸಲಕ್ಕೆ ಶೇ 82ಕ್ಕೂ ಜಾಸ್ತಿ ಗಂಧಕ ತೆಗೆಯಿತು. ಹೊಸ ಹೊಸ ಪಾಕದಲ್ಲಿ ಐದು ಸಲ ತೊಳೆದರೆ ಶೇ 99 ದಾಟಿತು. 1600 ಪಿಪಿಎಂನಿಂದ 10ರ ಒಳಗೆ. ಹೈಡ್ರೋಜನ್ ಇಲ್ಲ, 300 ಡಿಗ್ರಿ ಇಲ್ಲ. ಓದಿದಾಗ ನಾನೂ ಕುಣಿದಿದ್ದೆ.

ಇನ್ನೊಂದು ದಾರಿಯೂ ಇದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಗಂಧಕಕ್ಕೆ ಎರಡು ಆಮ್ಲಜನಕ ಅಂಟಿಸಿದರೆ ಅದು ಸಲ್ಫೋನ್ ಆಗುತ್ತದೆ. ಸಲ್ಫೋನ್‌ಗೆ ಡೀಸೆಲ್‌ಗಿಂತ ಪಾಕವೇ ಇಷ್ಟ, ತಾನಾಗಿ ಇಳಿದು ಬರುತ್ತದೆ. ತಮಾಷೆ ಏನೆಂದರೆ, ಹೈಡ್ರೋಜನ್‌ಗೆ ಬಗ್ಗದ ಡೈಬೆಂಜೋಥಯೋಫೀನ್ ಪೆರಾಕ್ಸೈಡ್‌ಗೆ ಸುಲಭಕ್ಕೆ ಬಗ್ಗುತ್ತದೆ. ಹೈಡ್ರೋಜನ್‌ಗೆ ಸುಲಭವಾದ ಬೆಂಜೋಥಯೋಫೀನ್ ಇಲ್ಲಿ ಹಟ ಮಾಡುತ್ತದೆ. ಪೆರಾಕ್ಸೈಡ್ ದಾರಿಯನ್ನು ಮಾತ್ರ ಯಾರೂ ಶೆಡ್ಡಿನಲ್ಲಿ ಮಾಡಲು ಹೋಗಬೇಡಿ. ಆಸಿಡ್, ಪೆರಾಕ್ಸೈಡ್, ಎಣ್ಣೆ ಮೂರೂ ಒಂದೇ ಪಾತ್ರೆಯಲ್ಲಿ ಅಂದರೆ ಹುಡುಗಾಟವಲ್ಲ.

ಸುರತ್ಕಲ್_ನಿವೃತ್ತ

ಆ ಶೇ 82 ಯಾವ ಡೀಸೆಲ್‌ನಲ್ಲಿ ಬಂತು ಅಂತ ಹೇಳಿ ಮಗಳೇ.

ಬೀಕರ್‌ಪುಟ್ಟಿ

ಹ್ಹ ಹ್ಹ. ಡೀಸೆಲ್‌ನಲ್ಲಿ ಅಲ್ಲ ಸರ್. ಆಕ್ಟೇನ್‌ಗೆ ಬೆಂಜೋಥಯೋಫೀನ್ ಬೆರೆಸಿದ ಮಾದರಿ ಎಣ್ಣೆ. ನಾವೆಲ್ಲ ಅದರಲ್ಲೇ ಆಟ ಆಡುವುದು.

ಸುರತ್ಕಲ್_ನಿವೃತ್ತ

ಅದೇ. ಲ್ಯಾಬಿನ ಎಣ್ಣೆಯಲ್ಲಿ ಒಬ್ಬ ಕಳ್ಳ, ಸುತ್ತ ಖಾಲಿ ಮೈದಾನ. ಹಿಡಿಯುವುದು ಸುಲಭ. ನಿಜವಾದ ಡೀಸೆಲ್‌ನಲ್ಲಿ ಅದೇ ವೇಷದ ಆರೊಮ್ಯಾಟಿಕ್‌ಗಳು (ಗಂಧಕ ಇಲ್ಲದ, ಉಂಗುರದ ಆಕಾರದ ಅಣುಗಳು) ಶೇ 20-30 ಇರುತ್ತವೆ. ದ್ರಾವಕಕ್ಕೆ ಕಳ್ಳ ಯಾರು, ಸಭ್ಯ ಯಾರು ಗೊತ್ತಾಗಲ್ಲ. ಇಬ್ಬರನ್ನೂ ಎಳೆದುಕೊಳ್ಳುತ್ತದೆ. ಡೀಸೆಲ್ಲೇ ನಷ್ಟ.

ಎರಡನೆಯದು ಗಾತ್ರ. ಮಂಗಳೂರು ರಿಫೈನರಿಯ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ. ದಿನಕ್ಕೆ ಸುಮಾರು 41,000 ಟನ್. ಸುಮ್ನೆ ಲೆಕ್ಕಕ್ಕೆ ಅದರಲ್ಲಿ ಶೇ 40 ಡೀಸೆಲ್ ಅಂತ ಇಟ್ಟುಕೊಳ್ಳಿ, 16,000 ಟನ್ ಮೇಲೆ. ಐದಕ್ಕೆ ಒಂದು ಪಾಲು ಪಾಕ ಹಾಕಿದರೂ ದಿನಕ್ಕೆ 3,000 ಟನ್ನಿಗೂ ಜಾಸ್ತಿ ಪಾಕ ಸುತ್ತುತ್ತಿರಬೇಕು. ಅದರಲ್ಲಿ ಸಾವಿರಕ್ಕೆ ಒಂದು ಪಾಲು ಡೀಸೆಲ್ ಜೊತೆ ಹೊರಟುಹೋದರೆ ದಿನಕ್ಕೆ ಮೂರು ಟನ್. ಆ ಮೂರು ಟನ್ನಿನಲ್ಲಿ ಕ್ಲೋರೈಡ್ ಇದೆ. ಕ್ಲೋರೈಡ್ ಅಂದರೆ ರಿಫೈನರಿಯವನಿಗೆ ರಾತ್ರಿ ನಿದ್ದೆ ಬರಲ್ಲ, ಪೈಪು ತಿನ್ನುತ್ತದೆ. ಗಂಧಕ ತೆಗೆಯಲು ಹೋಗಿ ಕ್ಲೋರಿನ್ ತಂದಿಟ್ಟುಕೊಂಡ ಹಾಗೆ.

ಹಾಗಂತ ಪೂರ್ತಿ ತಳ್ಳಿಹಾಕಲ್ಲ. ನನಗೆ ಆಸೆ ಇರುವುದು ಸಾರಜನಕದ ವಿಷಯದಲ್ಲಿ. ಪಿರಿಡೀನ್, ಕ್ವಿನೋಲಿನ್, ಕಾರ್ಬಜೋಲ್ ಇಂಥವು ಕ್ಯಾಟಲಿಸ್ಟ್‌ಗೆ ವಿಷ. ಗಂಧಕಕ್ಕಿಂತ ಸಾರಜನಕದ ಈ ಸಂಯುಕ್ತಗಳು ಪಾಕಕ್ಕೆ ಬೇಗ ಬರುತ್ತವೆ, ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ. ಮೊದಲು ಅವನ್ನು ತೆಗೆದು ಆಮೇಲೆ ಹೈಡ್ರೋಜನ್ ಯೂನಿಟ್‌ಗೆ ಕಳಿಸಿದರೆ ಕ್ಯಾಟಲಿಸ್ಟ್ ನಿರಾಳವಾಗಿ ಕೆಲಸ ಮಾಡುತ್ತದೆ. ಯಾರಾದರೂ ನಿಜವಾದ ಡೀಸೆಲ್ ಇಟ್ಟುಕೊಂಡು ಅದನ್ನು ಮಾಡಲಿ.

ಸಂಶಯಪ್ಪ

ಅಂದರೆ ಇಪ್ಪತ್ತು ವರ್ಷದಿಂದ ಬರೀ ಪೇಪರ್ ಬರೆದಿದ್ದಾರೆ, ಎಲ್ಲೂ ಬಳಸಿಲ್ಲ?

ಜುಬೈಲ್‌ಕನ್ನಡಿಗ

ಬಳಸಿದ್ದಾರೆ, ಆದರೆ ಬೇರೆ ಕಡೆ. ಮಲೇಷಿಯಾದ ಪೆಟ್ರೋನಾಸ್ ಕಂಪನಿ ನೈಸರ್ಗಿಕ ಅನಿಲದಲ್ಲಿನ ಪಾದರಸ ತೆಗೆಯಲು ತಾಮ್ರ ಇರುವ ಅಯಾನಿಕ್ ಲಿಕ್ವಿಡ್ ಬಳಸುತ್ತದೆ, ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ್ದು. ಅವರ ಜಾಣತನ ನೋಡಿ, ದ್ರವವನ್ನು ಹಾಗೇ ಬಿಡದೆ ಸಿಲಿಕಾ ಕಾಳುಗಳ ಒಳಗೆ ಹೀರಿಸಿ ಇಟ್ಟರು. ಸೋರುವ ಪ್ರಶ್ನೆ ಕಮ್ಮಿಯಾಯಿತು. ಅಮೆರಿಕದ ಸಾಲ್ಟ್ ಲೇಕ್ ರಿಫೈನರಿಯಲ್ಲಿ ಶೆವ್ರಾನ್ 2021ರಲ್ಲಿ ಪೆಟ್ರೋಲಿನ ಆಲ್ಕೈಲೇಷನ್‌ಗೆ (ಸಣ್ಣ ಅಣುಗಳನ್ನು ಜೋಡಿಸಿ ಒಳ್ಳೆಯ ಪೆಟ್ರೋಲ್ ಮಾಡುವ ಕೆಲಸ) ಹೈಡ್ರೋಫ್ಲೋರಿಕ್ ಆಸಿಡ್ ಬಿಟ್ಟು ಅಯಾನಿಕ್ ಲಿಕ್ವಿಡ್ ಹಾಕಿತು. ಅಲ್ಲಿ ಅದು ಕ್ಯಾಟಲಿಸ್ಟ್, ತೊಳೆಯುವ ದ್ರಾವಕ ಅಲ್ಲ.

ಎರಡೂ ಕಡೆ ಒಂದು ಸಾಮ್ಯ ಇದೆ. ಹಳೆಯದು ಅಪಾಯದ್ದು ಅಥವಾ ಬಹಳ ರೇಜಿಗೆಯದು ಆಗಿತ್ತು. ಡೀಸೆಲ್ ಗಂಧಕಕ್ಕೆ ಹಳೆ ದಾರಿಯೇ ಚೆನ್ನಾಗಿ ಓಡುತ್ತಿದೆ, ಕೋಟಿಗಟ್ಟಲೆ ಸುರಿದು ಯೂನಿಟ್ ಕಟ್ಟಿ ಆಗಿದೆ. ಅದನ್ನು ಯಾಕೆ ಕಿತ್ತು ಹಾಕುತ್ತಾರೆ?

ಎಣ್ಣೆಗಾಣ_ತುಮಕೂರು

ಎಲ್ಲ ಓದಿದೆ. ನನಗೆ ಗಂಧಕದ ಚಿಂತೆ ಇಲ್ಲ, ಕರಿದ ಎಣ್ಣೆಯಲ್ಲಿ ಅದು ಅಷ್ಟಿರಲ್ಲ. ಲ್ಯಾಬ್ ದರ್ಜೆಯ ಕೋಲೀನ್ ಕ್ಲೋರೈಡ್ 500 ಗ್ರಾಂ ಡಬ್ಬ ತರಿಸಿದ್ದೇನೆ. ಗ್ಲಿಸರಿನ್ ಮೆಡಿಕಲ್ ದರ್ಜೆಯದು ತಂದೆ, ನನ್ನದು ಕರಿ ಎಣ್ಣೆ ಥರ ಇದೆ. ಅಳತೆ ಹೇಳಿ ಮೇಡಂ.

ಬೀಕರ್‌ಪುಟ್ಟಿ

500 ಗ್ರಾಂ ಕೋಲೀನ್ ಕ್ಲೋರೈಡ್‌ಗೆ 330 ಗ್ರಾಂ ಗ್ಲಿಸರಿನ್ ಹಾಕಿದರೆ 1:1 ಮೋಲ್. 70-80 ಡಿಗ್ರಿಯಲ್ಲಿ, ಮುಚ್ಚಳ ಮುಚ್ಚಿ, ತಿಳಿಯಾಗುವವರೆಗೆ ಕಲಕಿ. ತಣ್ಣಗಾದಾಗ ಹರಳು ಕಂಡರೆ ಹೆದರಬೇಡಿ, ಬೆಚ್ಚಗೆ ಇಟ್ಟುಕೊಂಡು ಬಳಸಿ. ಮೊದಲು 5 ಲೀಟರ್‌ನಲ್ಲಿ ಮಾತ್ರ ನೋಡಿ. ಗಾಳಿಯಾಡುವ ಜಾಗ ಇರಲಿ, ಕೈಗವಸು ಹಾಕಿ, ಹತ್ತಿರ ಬೆಂಕಿ ಬೇಡ, ಎಣ್ಣೆಯಲ್ಲಿ ಮೆಥನಾಲ್ ಇದೆ.

ಎಣ್ಣೆಗಾಣ_ತುಮಕೂರು (ನಾಲ್ಕು ದಿನದ ನಂತರ)

ಮೊದಲ ಪ್ರಯೋಗ ಕೆಟ್ಟಿತು. ಏನಾಯಿತು ಅಂತ ಹೇಳುತ್ತೇನೆ.

ಪಾಕ ಚೆನ್ನಾಗಿಯೇ ಬಂತು. ತಿಳಿ, ಗಟ್ಟಿ, ಹರಳೆಣ್ಣೆ ಹಾಗೆ ಸೌಟಿನಿಂದ ನೂಲಾಗಿ ಇಳಿಯುತ್ತಿತ್ತು. ಐದು ಲೀಟರ್ ಬಿಸಿ ಬಯೋಡೀಸೆಲ್‌ಗೆ ಅರ್ಧ ಪಾಕ ಹಾಕಿ ಕಲಕಿದೆ. ಹತ್ತು ನಿಮಿಷಕ್ಕೆ ತಳದಲ್ಲಿ ಬಿಳಿ ಪುಡಿ, ಹಿಟ್ಟಿನ ಹಾಗೆ. ಆಮೇಲೆ ಶೆಡ್ ತುಂಬ ಕೊಳೆತ ಮೀನಿನ ವಾಸನೆ. ಪಕ್ಕದ ಶೆಡ್ಡಿನವರು ಬಂದು ‘ಏನ್ರೀ, ಮೀನು ಹುರಿಯುತ್ತಿದ್ದೀರಾ?’ ಅಂದರು. ನಾವು ಸಸ್ಯಾಹಾರಿಗಳು. ಮನೆಗೆ ಹೋದರೆ ಹೆಂಡತಿ ಬಟ್ಟೆ ಹೊರಗೇ ಬಿಚ್ಚಿಸಿದಳು.

ಬೀಕರ್‌ಪುಟ್ಟಿ

ಅಯ್ಯೋ, ಕ್ಷಮಿಸಿ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ನಿಮ್ಮ ಎಣ್ಣೆಯಲ್ಲಿ ಕೆಒಎಚ್ ಉಳಿದಿತ್ತು. ಅದು ಕೋಲೀನ್ ಕ್ಲೋರೈಡ್ ಜೊತೆ ಜೋಡಿ ಬದಲಾಯಿಸಿಕೊಂಡಿತು. ಪೊಟ್ಯಾಸಿಯಂ ಕ್ಲೋರೈಡ್ ಬಿಳಿ ಪುಡಿಯಾಗಿ ಕೆಳಗೆ ಕೂತಿತು. ಉಳಿದದ್ದು ಕೋಲೀನ್ ಹೈಡ್ರಾಕ್ಸೈಡ್. ಅದು ಬಿಸಿಗೆ ಒಡೆದು ಟ್ರೈಮಿಥೈಲ್ ಅಮೀನ್ ಬಿಡುತ್ತದೆ. ಹಳಸಿದ ಮೀನಿಗೆ ಆ ವಾಸನೆ ಬರುವುದೂ ಅದೇ ಪದಾರ್ಥದಿಂದ. ಅದನ್ನು ಉಸಿರಾಡುವುದು ಒಳ್ಳೆಯದಲ್ಲ, ಬಾಗಿಲು ತೆಗೆದಿಡಿ.

ಎರಡು ತಿದ್ದುಪಡಿ. ಗ್ಲಿಸರಿನ್ ಇಳಿಯಲು ಒಂದು ರಾತ್ರಿ ಪೂರ್ತಿ ಬಿಡಿ, ಕೆಒಎಚ್ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಉಳಿದದ್ದನ್ನು ಟೈಟ್ರೇಷನ್ ಮಾಡಿ (ಹನಿಹನಿಯಾಗಿ ಆಸಿಡ್ ಬಿಟ್ಟು ಅಳೆದು) ನೋಡಿ ಅಷ್ಟಕ್ಕೆ ಮಾತ್ರ ಸಿಟ್ರಿಕ್ ಆಸಿಡ್ ಕೊಡಿ. ಜಾಸ್ತಿ ಆಸಿಡ್ ಹಾಕಿದರೆ ಸೋಪು ಒಡೆದು ಮತ್ತೆ ಕೊಬ್ಬಿನ ಆಮ್ಲ ಆಗಿ ಎಣ್ಣೆಯೊಳಗೇ ಉಳಿಯುತ್ತದೆ. ಪಾಕ ಹಾಕುವಾಗ ಎಣ್ಣೆ ಉಗುರುಬೆಚ್ಚಗಿದ್ದರೆ ಸಾಕು.

ಕೋಳಿಫಾರಂ_ಹರಿಹರ

ನಮ್ಮ ಗೋಡೌನಿನಲ್ಲೂ ಹಳೇ ಚೀಲಕ್ಕೆ ಅದೇ ವಾಸನೆ. ಇಷ್ಟು ದಿನ ಇಲಿ ಸತ್ತಿದೆ ಅಂತ ಹುಡುಕುತ್ತಿದ್ದೆ!

ಎಣ್ಣೆಗಾಣ_ತುಮಕೂರು (ಮೂರು ವಾರದ ನಂತರ)

ಈಗ ಹೇಳುವ ಹಾಗೆ ಆಗಿದೆ. ನಾಲ್ಕು ಸಲ ಮಾಡಿ ನೋಡಿದೆ.

ವಾಸನೆ ಇಲ್ಲ. ಪಾಕ ಹಾಕಿ ನಿಧಾನಕ್ಕೆ ಇಪ್ಪತ್ತು ನಿಮಿಷ ಕಲಕಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಎರಡರ ನಡುವೆ ಕತ್ತರಿಸಿದ ಹಾಗೆ ಗೆರೆ. ಮೇಲೆ ಬಯೋಡೀಸೆಲ್, ಕೆಳಗೆ ಕಂದು ಬಣ್ಣಕ್ಕೆ ತಿರುಗಿದ ಪಾಕ. ಮಜ್ಜಿಗೆ ಆಗಲೇ ಇಲ್ಲ. ನನಗೆ ಅದೇ ದೊಡ್ಡ ಸಮಾಧಾನ. ಹುಡುಗನ ಕೈಗೆ ಕೊಟ್ಟು ಜೋರಾಗಿ ಕಲಕು ಅಂದೆ, ಆಗಲೂ ಆಗಲಿಲ್ಲ.

ಸೋಪಿನ ಟೆಸ್ಟ್ ಬ್ರೋಮೋಫೀನಾಲ್ ಬ್ಲೂ ಹಾಕಿ ಮಾಡುತ್ತೇನೆ. ನೀಲಿ ಹೋಗಿ ಹಳದಿ ಆಗುವವರೆಗೆ ಆಸಿಡ್ ಬಿಡುವುದು. ತೊಳೆಯುವ ಮೊದಲು 9 ಮಿಲಿ ಹಿಡಿಯುತ್ತಿತ್ತು, ಪಾಕದ ನಂತರ ಒಂದೂವರೆ ಮಿಲಿ. ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

ಸ್ಯಾಂಪಲ್ ಲ್ಯಾಬ್‌ಗೂ ಕೊಟ್ಟೆ. ಬಿಡಿ ಗ್ಲಿಸರಿನ್ 0.01% ಬಂತು, ಮಿತಿ 0.02. ಪಾಸ್. ಒಟ್ಟು ಗ್ಲಿಸರಿನ್ 0.31% ಬಂತು, ಮಿತಿ 0.25. ಫೇಲ್.

ಬೀಕರ್‌ಪುಟ್ಟಿ

ಎರಡನೆಯದು ತೊಳೆತದ ತಪ್ಪಲ್ಲ. ಒಟ್ಟು ಗ್ಲಿಸರಿನ್ ಅಂದರೆ ಅರ್ಧ ರಿಯಾಕ್ಷನ್ ಆಗಿ ಉಳಿದ ಮಾನೋ, ಡೈಗ್ಲಿಸರೈಡ್‌ಗಳೂ ಸೇರಿ. ಅವು ಅರ್ಧ ಎಣ್ಣೆ, ಪಾಕಕ್ಕೆ ಸುಲಭಕ್ಕೆ ಬರಲ್ಲ. ರಿಯಾಕ್ಷನ್ ಇನ್ನೂ ಓಡಬೇಕು. 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಅಲ್ಲಾಡಿಸಿ. ತಳದಲ್ಲಿ ಎಣ್ಣೆ ಹನಿ ಕೂತರೆ ರಿಯಾಕ್ಷನ್ ಮುಗಿದಿಲ್ಲ ಅಂತ.

ಇನ್ನು ಒಂದು ಪರೀಕ್ಷೆ ಬಾಕಿ. ಸುರತ್ಕಲ್ ಸರ್ ಹೆದರಿಸಿದ ಕ್ಲೋರೈಡ್. ತೊಳೆದ ಬಯೋಡೀಸೆಲ್‌ಗೆ ಸ್ವಲ್ಪ ಡಿಸ್ಟಿಲ್ಡ್ ನೀರು ಹಾಕಿ ಅಲ್ಲಾಡಿಸಿ, ಕೆಳಗಿನ ನೀರು ತೆಗೆದು ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಕ್ಲೋರೈಡ್ ಇದ್ದರೆ ಬೆಳ್ಳಗಾಗುತ್ತದೆ.

ಎಣ್ಣೆಗಾಣ_ತುಮಕೂರು

ಬಿಟ್ಟೆ. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು.

ಸುರತ್ಕಲ್_ನಿವೃತ್ತ

ಹೇಳಿದ್ದೆನಲ್ಲ. ಪಾಕ ಬೆರೆಯುವುದಿಲ್ಲ ಅಂದರೂ ಸಣ್ಣ ಸಣ್ಣ ಹನಿಯಾಗಿ ತೇಲುತ್ತಿರುತ್ತದೆ. ಇಂಜೆಕ್ಟರ್‌ಗೆ ಹೋದರೆ ನಿಮ್ಮ ಜನರೇಟರ್ ಹಾಳು. ಒಂದು ಸಲ ಕಮ್ಮಿ ನೀರಿನಲ್ಲಿ ತೊಳೆಯಿರಿ. ಆಮೇಲೆ ಮತ್ತೆ ಸಿಲ್ವರ್ ನೈಟ್ರೇಟ್ ನೋಡಿ.

ಸಂಶಯಪ್ಪ

ನೀರು ಬೇಡ ಅಂತ ಹೊರಟವರು ನೀರಿಗೇ ಬಂದರು. 😀

ಎಣ್ಣೆಗಾಣ_ತುಮಕೂರು

ನಗಿ ನಗಿ. ಆದರೆ ಲೆಕ್ಕ ಕೇಳಿ. ನಿನ್ನೆ ಪೂರ್ತಿ ಬ್ಯಾಚ್ ಮಾಡಿದೆ, 200 ಲೀಟರ್. ಪಾಕದ ನಂತರ 20 ಲೀಟರ್ ನೀರಿನಲ್ಲಿ ಒಂದೇ ತೊಳೆತ. ಸೋಪು ಮೊದಲೇ ಕಮ್ಮಿ ಇದ್ದಿದ್ದರಿಂದ ನೀರೂ ಮಜ್ಜಿಗೆ ಆಗಲಿಲ್ಲ. ಸೋಪಿನ ಟೆಸ್ಟ್ ಮೊದಲ ಹನಿಗೇ ಹಳದಿ. ಸಿಲ್ವರ್ ನೈಟ್ರೇಟ್ ಹಾಕಿದರೆ ನೀರು ತಿಳಿಯಾಗಿಯೇ ಇತ್ತು. 200 ಲೀಟರ್ ಕೊಳೆ ನೀರು ಇದ್ದದ್ದು 20ಕ್ಕೆ ಬಂತು.

ತೊಂದರೆ ದುಡ್ಡಿನದು. ಒಂದು ಸಲ ಬಳಸಿದ ಪಾಕವನ್ನೇ ಎರಡನೇ ಸಲ, ಮೂರನೇ ಸಲ ಹಾಕಿದೆ. ಮೂರನೇ ಸಲಕ್ಕೆ ಅದಕ್ಕೆ ಹೊಟ್ಟೆ ತುಂಬಿತ್ತು, ಗ್ಲಿಸರಿನ್ ಎಳೆಯಲಿಲ್ಲ. ಅದನ್ನು ಮತ್ತೆ ಹಸಿವಾಗಿಸುವುದು ಹೇಗೆ?

ಬೀಕರ್‌ಪುಟ್ಟಿ

ಈ ವಿಷಯದ ಗಂಟು ಇರುವುದೇ ಇಲ್ಲಿ. ಗ್ಲಿಸರಿನ್ ಕುದಿಯುವುದು 290 ಡಿಗ್ರಿಯಲ್ಲಿ, ಬರೀ ಬಿಸಿ ಮಾಡಿ ಓಡಿಸಲು ಹೋದರೆ ಕೋಲೀನ್ ಮೊದಲು ಹಾಳಾಗುತ್ತದೆ. ಲೆಸ್ಟರ್‌ನವರು ಬ್ಯೂಟನಾಲ್ ಹಾಕಿ ಕೋಲೀನ್ ಕ್ಲೋರೈಡ್‌ನ ಹರಳು ಕಟ್ಟಿಸಿ ತೆಗೆದರು. ಪೂರ್ತಿ ಬರಲಿಲ್ಲ, ಒಂದು ಭಾಗ ಬಂತು. ಆಮೇಲೆ ಆ ಬ್ಯೂಟನಾಲ್ ಬೇರೆ ಬಟ್ಟಿ ಇಳಿಸಬೇಕು. ಗಂಧಕ ತೆಗೆದ ಪಾಕಕ್ಕೂ ಇದೇ ಕಥೆ. ನೀರು ಹಾಕಿದರೆ ಸಲ್ಫೋನ್ ಬಿಳಿ ಹರಳಾಗಿ ಬೀಳುತ್ತದೆ, ಚೆನ್ನಾಗಿ ಕಾಣುತ್ತದೆ, ಫೋಟೊಗೆ ಬರುತ್ತದೆ. ಆಮೇಲೆ ಆ ನೀರನ್ನೆಲ್ಲ ಆವಿ ಮಾಡುವ ಖರ್ಚು ಪೇಪರ್‌ನಲ್ಲಿ ಕಾಣಲ್ಲ.

ನಿಮಗೆ ಸುಲಭದ ದಾರಿ ಒಂದಿದೆ. ಹೊಟ್ಟೆ ತುಂಬಿದ ಪಾಕಕ್ಕೆ ಹೊಸ ಕೋಲೀನ್ ಕ್ಲೋರೈಡ್ ಸೇರಿಸಿದರೆ ಮತ್ತೆ 1:1ಕ್ಕೆ ಬರುತ್ತದೆ. ಹೊಸ ಗ್ಲಿಸರಿನ್ ಕೊಳ್ಳಬೇಕಾಗಿಲ್ಲ. ಪಾಕದ ಒಟ್ಟು ಪ್ರಮಾಣ ಬೆಳೆಯುತ್ತಾ ಹೋಗುತ್ತದೆ ನಿಜ, ಸೋಪಿನ ಕೊಳೆಯೂ ಸೇರುತ್ತದೆ. ಕೆಲವು ಬ್ಯಾಚ್ ಆದ ಮೇಲೆ ಒಂದಷ್ಟು ತೆಗೆದು ಹಾಕಲೇಬೇಕು.

ಎಣ್ಣೆಗಾಣ_ತುಮಕೂರು

ತೆಗೆದದ್ದನ್ನು ಹರಿಹರದ ಅಣ್ಣನ ಕೋಳಿಗೆ ಕಳಿಸಲಾ? ಕೋಲೀನ್ ಇದೆ, ಗ್ಲಿಸರಿನ್ ಇದೆ.

ಕೋಳಿಫಾರಂ_ಹರಿಹರ

ಮೆಥನಾಲ್ ಕೂಡ ಇದೆ ಅಂತ ಮೇಲೆ ನೀವೇ ಬರೆದಿದ್ದೀರಿ. ನನ್ನ ಕೋಳಿ ಕುರುಡಾದರೆ ನೀವು ಬಂದು ಕಾಳು ತಿನ್ನಿಸುತ್ತೀರಾ? ಬೇಡವೇ ಬೇಡ.

ಸುರತ್ಕಲ್_ನಿವೃತ್ತ

ಡ್ರಮ್ಮಿನಲ್ಲಿ ಮುಚ್ಚಿ ಲೇಬಲ್ ಹಾಕಿ ಇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಪರವಾನಗಿ ಇರುವವರಿಗೇ ಕೊಡಿ. ಹೊಂಗೆ ಎಣ್ಣೆ ಬ್ಯಾಚ್‌ನಲ್ಲಿ ಮಾಡಿ ನೋಡಿದಿರಾ? ಅದರಲ್ಲಿ ಕೊಬ್ಬಿನ ಆಮ್ಲ ಜಾಸ್ತಿ, ಸೋಪೂ ಜಾಸ್ತಿ ಆಗುತ್ತದೆ. ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕಿನಲ್ಲಿ ಹೊಂಗೆ ಮೇಲೆ ಬಹಳ ಕೆಲಸ ಆಗಿದೆ, ಒಂದು ಸಲ ಹೋಗಿ ಮಾತಾಡಿ.

ಎಣ್ಣೆಗಾಣ_ತುಮಕೂರು

ಇನ್ನೂ ಇಲ್ಲ ಸರ್. ನಾಳೆ ಎರಡು ಡ್ರಮ್ ಹೊಂಗೆ ಎಣ್ಣೆ ಬರುತ್ತಿದೆ. ಮೊದಲು ಆಸಿಡ್ ಹಾಕಿ ಕೊಬ್ಬಿನ ಆಮ್ಲ ಇಳಿಸಿಕೊಂಡು, ಆಮೇಲೆ ಪಾಕ. ಪಕ್ಕದ ಶೆಡ್ಡಿನವರಿಗೆ ಮೊದಲೇ ಹೇಳಿದ್ದೇನೆ, ವಾಸನೆ ಬಂದರೆ ಫೋನ್ ಮಾಡಿ ಅಂತ. ಬ್ಯಾಚ್ ಆದ ಮೇಲೆ ಸೋಪಿನ ಅಳತೆ ಇಲ್ಲೇ ಹಾಕುತ್ತೇನೆ.